ಕಾಯುವ ಕಾಲದ ಬುತ್ತಿ

ಹಬ್ಬದ ದಿನವನ್ನು ಆಚರಿಸುವುದು ಸುಲಭ. ಹಬ್ಬಕ್ಕೆ ಮುಂಚಿನ ದಿನಗಳನ್ನು ಸರಿಯಾಗಿ ಕಳೆಯುವುದು ಕಷ್ಟ. ಹಬ್ಬದ ದಿನ ಮನೆಯಲ್ಲಿ ದೀಪವುಂಟು, ಬಂಧುಬಳಗವುಂಟು, ಸಿಹಿಯುಂಟು. ಮನಸ್ಸು ಯಾರ ಒತ್ತಾಯವೂ ಇಲ್ಲದೆ ತಾನಾಗಿಯೇ ಅರಳುತ್ತದೆ. ಬರಬೇಕಾದುದು ಇನ್ನೂ ಬಾರದಿರುವಾಗ, ಬರುವುದೆಂಬ ಮಾತೊಂದನ್ನೇ ನೆಚ್ಚಿಕೊಂಡು ಕುಳಿತಿರುವ ಕಾಲದಲ್ಲಿ, ಮನಸ್ಸನ್ನು ಕುಗ್ಗದಂತೆ ಕಾಪಾಡಿಕೊಳ್ಳುವುದಕ್ಕೆ ಬೇರೊಂದು ಬಲವು ಬೇಕು. ದೂರದೇಶದ ಮಗನ ಸುದ್ದಿಗಾಗಿ ಕಾದಿರುವ ತಾಯಿ, ರೋಗಿಯ ಹಾಸಿಗೆಯ ಬಳಿ ಬೆಳಗಿನ ದಾರಿಯನ್ನು ನೋಡುತ್ತ ಕುಳಿತವರು, ಮುಗಿಲನ್ನು ದಿಟ್ಟಿಸುವ ಒಕ್ಕಲಿಗ, ಇವರೆಲ್ಲರೂ ಈ ಕಷ್ಟವನ್ನು ಬಲ್ಲರು. ಕ್ರೈಸ್ತಧರ್ಮವು ಈ ಕಾಯುವಿಕೆಯನ್ನೇ ಒಂದು ವ್ರತವನ್ನಾಗಿ ಮಾಡಿಕೊಂಡಿದೆ. ಆ ವ್ರತಕ್ಕೆ ಅದು ಆರಿಸಿಕೊಂಡ ಸಂಗಾತಿಯು ಕವಿತೆ. ಈ ಇಬ್ಬರ ಒಡನಾಟವನ್ನು ಕುರಿತು ನಾಲ್ಕು ಮಾತುಗಳನ್ನು ವಾಚಕರ ಮುಂದಿಡಬೇಕೆಂಬುದು ನಮ್ಮ ಉದ್ದೇಶ.

ಕ್ರಿಸ್ಮಸ್ ಹಬ್ಬವನ್ನು ಅರಿಯದವರು ನಮ್ಮಲ್ಲಿ ವಿರಳ. ನಕ್ಷತ್ರದ ಆಕಾರದ ಲಾಂದ್ರ, ಗೋದಲಿಯ ಬೊಂಬೆಗಳು, ನೆರೆಮನೆಯಿಂದ ಬರುವ ತಿಂಡಿಯ ತಟ್ಟೆ, ಇವು ಎಲ್ಲ ಮತದ ಮಕ್ಕಳಿಗೂ ಪರಿಚಿತವಾದುವು. ಆದರೆ ಆ ಹಬ್ಬಕ್ಕೆ ಹಿಂದಿನ ವಾರಗಳಿಗೆ 'ಆಗಮನಕಾಲ'ವೆಂಬ ಹೆಸರುಂಟೆಂಬುದನ್ನು ಕ್ರೈಸ್ತೇತರರಲ್ಲಿ ಬಲ್ಲವರು ಕಡಮೆ. ಪಾಶ್ಚಾತ್ಯ ಸಭೆಗಳಲ್ಲಿ ಇದು ಡಿಸೆಂಬರ್ ೨೫ಕ್ಕೆ ಹಿಂದಿನ ನಾಲ್ಕನೆಯ ಭಾನುವಾರ ಮೊದಲಾಗುತ್ತದೆ. ಆದುದರಿಂದ ನವೆಂಬರ್ ೨೭ಕ್ಕೆ ಮುಂಚಿತವಾಗಿಯಾಗಲಿ ಡಿಸೆಂಬರ್ ೩ಕ್ಕೆ ತರುವಾಯವಾಗಲಿ ಅದು ಆರಂಭವಾಗುವುದಿಲ್ಲ. ಅದರ ದಿನಗಳು ೨೨ಕ್ಕೆ ಕಡಮೆಯಿಲ್ಲ, ೨೮ಕ್ಕೆ ಹೆಚ್ಚಿಲ್ಲ. ಸಭೆಯ ಪಂಚಾಂಗದಲ್ಲಿ ವರ್ಷವು ಹುಟ್ಟುವುದೇ ಆ ಭಾನುವಾರದಂದು. ಪಾದ್ರಿಗಳು ನೇರಿಳೆಯ ಬಣ್ಣದ ಉಡುಪನ್ನು ಧರಿಸುವರು. ಅದು ಸಂಭ್ರಮದ ಬಣ್ಣವಲ್ಲ, ಸಂಯಮದ ಬಣ್ಣ. ಒಮ್ಮೆ ಬಂದವನನ್ನು ಸ್ಮರಿಸುವುದು, ಕಾಲಾಂತ್ಯದಲ್ಲಿ ಬರುವವನನ್ನು ಎದುರುನೋಡುವುದು, ಇಂದು ಈ ಮನೆಯ ಬಾಗಿಲಿಗೆ ಬರುವವನಿಗಾಗಿ ಎಚ್ಚರವಾಗಿರುವುದು, ಹೀಗೆ ಮೂರು ಬಗೆಯ ಕಾಯುವಿಕೆ ಇದರಲ್ಲಿ ಕೂಡಿಕೊಂಡಿದೆ. ಹೆಚ್ಚುಕಡಮೆ ಇದೇ ಚಳಿಯ ದಿನಗಳಲ್ಲಿ ಬರುವ ಧನುರ್ಮಾಸದಲ್ಲಿ ದಿನಕ್ಕೊಂದು ಪಾಶುರದಂತೆ ತಿರುಪ್ಪಾವೈಯನ್ನು ಪಠಿಸುವ ಮನೆಗಳವರಿಗೆ, ವ್ರತವೂ ಹಾಡೂ ಹೀಗೆ ಕೈಹಿಡಿದು ನಡೆಯುವುದು ಹೊಸ ಸಂಗತಿಯೆಂದು ತೋರಲಾರದು.

ಈ ಒಡನಾಟವು ಈಚಿನವರು ಕಲ್ಪಿಸಿದುದಲ್ಲ. ಸತ್ಯವೇದದಲ್ಲಿಯೇ ಅದರ ಬೇರಿದೆ. ಲೂಕನ ಸುವಾರ್ತೆಯ ಮೊದಲೆರಡು ಅಧ್ಯಾಯಗಳನ್ನು ತೆರೆದು ನೋಡಿದರೆ, ಕ್ರಿಸ್ತಜನನದ ಕಥೆಯ ನಡುವೆ ನಾಲ್ಕು ಹಾಡುಗಳು ಕಾಣುತ್ತವೆ. ಮರಿಯಳು ಬಂಧುವಾದ ಎಲಿಸಬೇತಳ ಮನೆಯಲ್ಲಿ ಹಾಡಿದುದು ಒಂದು. ಮುದುಕನಾದ ಜಕರೀಯನು ಹಾಡಿದುದು ಇನ್ನೊಂದು. ಕುರುಬರಿಗೆ ಕೇಳಿಸಿದ ದೇವದೂತರ ಹಾಡು ಮೂರನೆಯದು. ಸಿಮೆಯೋನನು ಕೂಸನ್ನು ಕೈಯಲ್ಲಿ ಎತ್ತಿಕೊಂಡು ಹಾಡಿದುದು ನಾಲ್ಕನೆಯದು. ಇವರಲ್ಲಿ ಜಕರೀಯನ ವೃತ್ತಾಂತವು ವಿಶೇಷವಾದುದು. ದೂತನು ತಂದ ವಾರ್ತೆಯನ್ನು ನಂಬದೆಹೋದುದರಿಂದ ಅವನ ಮಾತು ನಿಂತುಹೋಯಿತು; ಮಗನು ಹುಟ್ಟಿ ಹೆಸರಿಡುವ ದಿನದ ಪರ್ಯಂತ ಅವನು ಮೂಕನಾಗಿದ್ದನು. ನಾಲಗೆಯು ಸಡಿಲವಾದ ಕೂಡಲೇ ಅವನ ಬಾಯಿಂದ ಹೊರಟುದು ಸ್ತುತಿ. ಲೂಕನು ಅದನ್ನು ಹಾಡಿನ ರೂಪದಲ್ಲಿ ಕೊಟ್ಟಿದ್ದಾನೆ. ಸಭೆಯು ಈ ಹಾಡುಗಳನ್ನು ಮರೆಯಲಿಲ್ಲ. ಪಾಶ್ಚಾತ್ಯ ಮಠಗಳ ನಿತ್ಯಪ್ರಾರ್ಥನೆಯಲ್ಲಿ ಜಕರೀಯನ ಹಾಡು ಬೆಳಗಿಗೂ, ಮರಿಯಳ ಹಾಡು ಸಂಜೆಗೂ, ಸಿಮೆಯೋನನ ಹಾಡು ಮಲಗುವ ಹೊತ್ತಿಗೂ ಸಲ್ಲುತ್ತವೆ.

ಮೊದಲಿನ ಶತಮಾನಗಳ ಗುರುಗಳೂ ಇದೇ ದಾರಿಯನ್ನು ಹಿಡಿದರು. ನಿಸಿಬಿಸ್ ಪಟ್ಟಣದ ಎಫ್ರೇಮನು, ೩೬೩ರಲ್ಲಿ ಆ ಪಟ್ಟಣವು ಪಾರಸಿಕರ ಕೈಸೇರಿದ ಮೇಲೆ ಎದೆಸ್ಸಕ್ಕೆ ವಲಸೆ ಬಂದು, ೩೭೩ರಲ್ಲಿ ತೀರಿಕೊಂಡನು. ಅವನು ಧರ್ಮತತ್ತ್ವವನ್ನು ಸಿರಿಯಾಕ್ ಭಾಷೆಯ ಪದ್ಯಗಳಲ್ಲಿ ಕಟ್ಟಿದವನು. ಕ್ರಿಸ್ತಜನನದ ಮೇಲೆಯೇ ಅವನ ಹಾಡುಗಳ ಒಂದು ಮಾಲೆಯುಂಟು. ತನ್ನ ಹಾಡುಗಳನ್ನು ಸಭೆಯಲ್ಲಿ ಹಾಡುವುದಕ್ಕೆ ಅವನು ಸ್ತ್ರೀಯರ ಮೇಳಗಳನ್ನು ಶಿಕ್ಷಣಕೊಟ್ಟು ಸಿದ್ಧಪಡಿಸಿದನೆಂದು ಅವನ ತರುವಾಯದ ಸಿರಿಯಾಕ್ ಗ್ರಂಥಕಾರರು ಹೊಗಳಿದ್ದಾರೆ. ಓದುಬರಹ ತಿಳಿಯದ ಜನರಿಗೂ ಹಾಡು ನಿಲುಕುತ್ತದೆ. ಗ್ರಂಥವು ಮಠದಲ್ಲಿ ಉಳಿಯುತ್ತದೆ, ಹಾಡು ಒಲೆಯ ಬಳಿಗೂ ತೊಟ್ಟಿಲಿನ ಬಳಿಗೂ ಹೋಗುತ್ತದೆ.

ಆಗಮನಕಾಲದ ಕೊನೆಯ ವಾರಕ್ಕೆ ಲ್ಯಾಟಿನ್ ಸಭೆಯು ಕಟ್ಟಿಕೊಂಡ ಏಳು ಕಿರುಹಾಡುಗಳಿವೆ. ಎಂಟನೆಯ ಶತಮಾನದ ಹೊತ್ತಿಗೇ ಅವು ಬಳಕೆಯಲ್ಲಿದ್ದುವು. ಡಿಸೆಂಬರ್ ೧೭ರಿಂದ ೨೩ರ ವರೆಗೆ ಸಂಜೆಯ ಪ್ರಾರ್ಥನೆಯಲ್ಲಿ, ಮರಿಯಳ ಹಾಡಿನ ಜೊತೆಗೆ, ದಿನಕ್ಕೊಂದನ್ನು ಹಾಡುವರು. ಪ್ರತಿಯೊಂದೂ ಒಂದೊಂದು ಹೆಸರಿನಿಂದ ಬರಬೇಕಾದವನನ್ನು ಕರೆಯುತ್ತದೆ: ಜ್ಞಾನವೆಂದು, ಒಡೆಯನೆಂದು, ಇಷಯನ ಬುಡದ ಚಿಗುರೆಂದು, ದಾವೀದನ ಬೀಗದ ಕೈಯೆಂದು, ಮೂಡುವ ಬೆಳಕೆಂದು, ಜನಾಂಗಗಳ ಅರಸೆಂದು, ಕಡೆಯದಾಗಿ ಇಮ್ಮಾನುವೇಲನೆಂದು. ಬೆಳಕೆಂದು ಕರೆಯುವ ಹಾಡು ಬರುವುದು ಡಿಸೆಂಬರ್ ೨೧ರಂದು. ಯೂರೋಪಿನಲ್ಲಿ ವರ್ಷದ ಅತ್ಯಂತ ದೀರ್ಘವಾದ ರಾತ್ರಿಯ ಸುಮಾರಿಗೆ. ಇನ್ನೊಂದು ಸ್ವಾರಸ್ಯವುಂಟು. ಈ ಏಳು ಲ್ಯಾಟಿನ್ ಹೆಸರುಗಳ ಮೊದಲಕ್ಷರಗಳನ್ನು ಕಡೆಯಿಂದ ಹಿಂದಕ್ಕೆ ಓದಿದರೆ 'ಎರೋ ಕ್ರಾಸ್' ಎಂಬ ಮಾತಾಗುತ್ತದೆ. 'ನಾಳೆ ನಾನಿರುವೆನು' ಎಂದು ಅದರ ಅರ್ಥ. ಏಳು ದಿನ 'ಬಾ, ಬಾ' ಎಂದು ಮೊರೆಯಿಟ್ಟವರಿಗೆ ಏಳನೆಯ ಸಂಜೆ ಅವರ ಮೊರೆಯೊಳಗಿಂದಲೇ ಉತ್ತರವು ಹೊರಡುತ್ತದೆ. ಒಂದೊಂದು ದಿನದ ಹಾಡನ್ನು ಮಾತ್ರ ಕೇಳಿದವನಿಗೆ ಅದು ತಿಳಿಯದು. ಕಡೆಯವರೆಗೆ ಕಾದವನಿಗೆ ಮಾತ್ರ ತಿಳಿಯುವುದು.

ಹಾಗಾದರೆ ಧರ್ಮಸೂತ್ರಗಳು ಸಾಲವೇ, ಕವಿತೆಯೇತಕ್ಕೆ ಎಂದು ಕೇಳಬಹುದು. ಸಭೆಯ ವಿಶ್ವಾಸಪ್ರಮಾಣದಲ್ಲಿ ಕ್ರಿಸ್ತಜನನದ ವಿಷಯವು ಒಂದೆರಡು ಮಾತುಗಳಲ್ಲಿ ಮುಗಿದುಹೋಗುತ್ತದೆ. ಅದು ತಪ್ಪಲ್ಲ; ಅದರ ಕೆಲಸವೇ ಅಂತಹುದು. ಮನೆಯ ಪತ್ರವು 'ಈ ಮನೆಯು ನಿಮ್ಮದು' ಎಂದು ಹೇಳುತ್ತದೆ. ಆ ಪತ್ರವಿಲ್ಲದಿದ್ದರೆ ಮನೆಯು ನಮಗೆ ದಕ್ಕದು. ಆದರೆ ಪತ್ರವನ್ನು ಪೆಟ್ಟಿಗೆಯಲ್ಲಿಟ್ಟು ಬೀದಿಯಲ್ಲಿ ಮಲಗುವವರುಂಟೆ? ಒಳಗೆ ಹೋಗಬೇಕು, ಒಲೆ ಹಚ್ಚಬೇಕು, ಯಾವ ಕಿಟಕಿಯಿಂದ ಬೆಳಗಿನ ಬಿಸಿಲು ಬರುವುದೆಂದು ತಿಳಿಯಬೇಕು. ಧರ್ಮಸೂತ್ರವು ಪತ್ರವಾದರೆ, ಕವಿತೆಯು ಆ ಮನೆಯ ವಾಸ. ಈ ಮಾತಿಗೆ ನಿದರ್ಶನವಾಗಿ ಕೆಲವು ಕವಿಗಳನ್ನು ನೋಡೋಣ. ಇವರಲ್ಲಿ ಯಾರೂ ಬೆಚ್ಚಗೆ ಕುಳಿತು ಹಬ್ಬದ ಅಲಂಕಾರಕ್ಕಾಗಿ ಪದ್ಯ ಹೊಸೆದವರಲ್ಲವೆಂಬುದನ್ನು ವಾಚಕರು ಗಮನಿಸಬೇಕು.

ಮೊದಲನೆಯವನು ಇಂಗ್ಲೆಂಡಿನ ರಾಬರ್ಟ್ ಸೌತ್‌ವೆಲ್. ಎಲಿಜಬೆತ್ ರಾಣಿಯ ಆಳಿಕೆಯಲ್ಲಿ, ೧೫೮೫ರ ಶಾಸನದಂತೆ, ಪರದೇಶದಲ್ಲಿ ದೀಕ್ಷೆ ಪಡೆದ ಕಥೋಲಿಕ ಪಾದ್ರಿಯು ಆ ನಾಡಿನಲ್ಲಿ ಕಾಲಿಡುವುದೇ ರಾಜದ್ರೋಹವಾಗಿದ್ದಿತು. ಜೆಸುಯಿಟ್ ಪಾದ್ರಿಯಾದ ಸೌತ್‌ವೆಲ್ ಅದನ್ನು ತಿಳಿದೇ ೧೫೮೬ರಲ್ಲಿ ಸ್ವದೇಶಕ್ಕೆ ಬಂದು, ಸುಮಾರು ಆರು ವರ್ಷ ಮನೆಯಿಂದ ಮನೆಗೆ ಮರೆಯಾಗಿ ಸಂಚರಿಸಿ, ೧೫೯೨ರಲ್ಲಿ ಸೆರೆಸಿಕ್ಕಿ, ಚಿತ್ರಹಿಂಸೆಯನ್ನು ಅನುಭವಿಸಿ, ೧೫೯೫ರ ಫೆಬ್ರವರಿಯಲ್ಲಿ ಗಲ್ಲಿಗೇರಿದನು. ಅವನು ಬರೆದ 'ಉರಿಯುವ ಶಿಶು' ಎಂಬ ಸಣ್ಣ ಕವಿತೆಯಲ್ಲಿ, ಹಿಮದಲ್ಲಿ ನಡುಗುತ್ತ ನಿಂತ ಒಬ್ಬನಿಗೆ ಥಟ್ಟನೆ ಎದೆಯು ಬೆಚ್ಚಗಾಗುತ್ತದೆ. ತಲೆಯೆತ್ತಿ ನೋಡಿದರೆ ಬೆಂಕಿಯಲ್ಲಿ ಉರಿಯುತ್ತಿರುವ ಕೂಸೊಂದು ಗಾಳಿಯಲ್ಲಿ ಕಾಣುತ್ತದೆ. ಆ ಬೆಂಕಿಯು ಪ್ರೀತಿಯ ಬೆಂಕಿ. ತನ್ನ ಬಳಿ ಕಾಯಿಸಿಕೊಳ್ಳುವವರು ಯಾರೂ ಬರಲಿಲ್ಲವೆಂದು ಕೂಸು ಅಳುತ್ತದೆ. ಅದು ಮಾಯವಾದ ಮೇಲೆ ಅವನಿಗೆ ಆ ದಿನವು ಕ್ರಿಸ್ಮಸ್ ಎಂಬುದು ನೆನಪಾಗುತ್ತದೆ. ಬೆನ್ ಜಾನ್ಸನ್ ಎಂಬ ಪ್ರಸಿದ್ಧ ನಾಟಕಕಾರನು, ಆ ಒಂದು ಕವಿತೆಯು ತನ್ನದಾಗಿದ್ದರೆ ತನ್ನ ಅನೇಕ ಕವಿತೆಗಳನ್ನು ನಾಶಮಾಡಲು ಒಪ್ಪುತ್ತಿದ್ದೆನೆಂದು ಸ್ನೇಹಿತನೊಡನೆ ಹೇಳಿದನು. ಹಬ್ಬದ ನೆನಪೇ ಇಲ್ಲದವನಿಗೆ, ಹೊರಗೆ ಚಳಿಯಲ್ಲಿ ನಿಂತವನಿಗೆ ದರ್ಶನವಾಯಿತೆಂಬುದು ಅಡಗಿಕೊಂಡು ಬಾಳಿದ ಕವಿಗೆ ಬರಿಯ ಕಲ್ಪನೆಯಾಗಿರಲಾರದು.

ಎರಡನೆಯವನು ಜರ್ಮನಿಯ ಪೌಲ್ ಗೆರ್ಹಾರ್ಟ್. ೧೬೦೭ರಲ್ಲಿ ಹುಟ್ಟಿದ ಈತನು ಹನ್ನೊಂದು ವರ್ಷದ ಬಾಲಕನಾಗಿದ್ದಾಗ ಮೂವತ್ತು ವರ್ಷಗಳ ಯುದ್ಧವು ಮೊದಲಾಯಿತು. ಅದು ಮುಗಿದಾಗ ಅವನಿಗೆ ನಲವತ್ತು ದಾಟಿದ್ದಿತು. ೧೬೩೭ರಲ್ಲಿ ಸ್ವೀಡನ್ನಿನ ಸೈನಿಕರು ಅವನ ಹುಟ್ಟೂರನ್ನು ಸುಟ್ಟರು. ತಂದೆಯ ಮನೆಯೂ ಆ ಬೆಂಕಿಗೆ ಆಹುತಿಯಾಯಿತು. ೧೬೫೩ರಲ್ಲಿ ಅವನ ಎರಡು ಕೀರ್ತನೆಗಳು ಅಚ್ಚಾದುವು. ಒಂದು ಆಗಮನಕಾಲಕ್ಕೆ: ಬರುವ ಅತಿಥಿಯನ್ನು ತಾನು ಹೇಗೆ ಬರಮಾಡಿಕೊಳ್ಳಲೆಂದು ತಿಳಿಯದೆ ಅವನನ್ನೇ ಕೇಳುವ ಭಕ್ತನ ಹಾಡು. ಇನ್ನೊಂದು ಹಬ್ಬಕ್ಕೆ: ಗೋದಲಿಯ ಬಳಿ ನಿಂತವನು, ತಾನು ತಂದ ಕಾಣಿಕೆಯೆಲ್ಲವೂ ಮೊದಲೇ ಆ ಶಿಶುವು ಕೊಟ್ಟುದೆಂದು ಅರಿಯುವ ಹಾಡು. ಮುಂದೆ ಅವನಿಗೆ ಮದುವೆಯಾಗಿ ಐವರು ಮಕ್ಕಳು ಹುಟ್ಟಿದರು. ನಾಲ್ವರು ಎಳೆತನದಲ್ಲಿಯೇ ತೀರಿಕೊಂಡರು. ೧೬೬೮ರಲ್ಲಿ ಹೆಂಡತಿಯೂ ಹೋದಳು. ಯೌವನದ ಬೂದಿಯ ಮೇಲೆ ಕಟ್ಟಿದ ಹಾಡು, ಮುಪ್ಪಿನ ಶೋಕದಲ್ಲಿಯೂ ಅವನ ಎದುರಿಗೇ ಇದ್ದಿತು.

ಸಂಗೀತಗಾರನಾದ ಯೋಹಾನ್ ಸೆಬಾಸ್ಟಿಯನ್ ಬಾಕ್ ೧೭೩೪ರಲ್ಲಿ ಕ್ರಿಸ್ಮಸ್ಸಿಗಾಗಿ ದೊಡ್ಡದೊಂದು ಗೇಯಪ್ರಬಂಧವನ್ನು ರಚಿಸಿದಾಗ, ಗೆರ್ಹಾರ್ಟನ ಆಗಮನಕಾಲದ ಹಾಡನ್ನು ಅದರಲ್ಲಿ ಸೇರಿಸಿಕೊಂಡನು. ಆದರೆ ಅದಕ್ಕೆ ಅವನು ಹೊಂದಿಸಿದ ಮಟ್ಟು ಬೇರೆ: ಶಿಲುಬೆಯ ಮೇಲಣ ಕ್ರಿಸ್ತನ ಗಾಯಗೊಂಡ ಶಿರಸ್ಸನ್ನು ಕುರಿತು ಅದೇ ಗೆರ್ಹಾರ್ಟನು ಬರೆದ ಶೋಕಗೀತದೊಡನೆ ಬೆಸೆದುಹೋಗಿರುವ ಮಟ್ಟು. ಅಂದು ಸಭೆಯಲ್ಲಿ ಕುಳಿತು ಕೇಳಿದವರಿಗೆ, ತೊಟ್ಟಿಲಿನ ಮಾತು ಕಿವಿಗೆ ಬೀಳುವಾಗಲೇ ಶಿಲುಬೆಯ ಸ್ವರವೂ ಬಿದ್ದಿರಬೇಕು. ಹುಟ್ಟಿದ ಶಿಶುವು ಸಾಯುವುದಕ್ಕೂ ಒಪ್ಪಿ ಬಂದವನೆಂಬ ತತ್ತ್ವವನ್ನು ಒಂದು ಪ್ರಸಂಗವು ಗಂಟೆಗಟ್ಟಲೆ ವಿವರಿಸಬಹುದು. ಇಲ್ಲಿ ಅದು ಒಂದು ಮಟ್ಟಿನಿಂದ ತಿಳಿಯಿತು.

ಈ ಹಾಡಿನ ಪ್ರಯಾಣವು ಇಲ್ಲಿಗೆ ಮುಗಿಯಲಿಲ್ಲ. ಡೀಟ್ರಿಚ್ ಬೋನ್‌ಹೋಫರ್ ಎಂಬ ಜರ್ಮನ್ ಪಾದ್ರಿಯು ಹಿಟ್ಲರನ ಆಡಳಿತವನ್ನು ವಿರೋಧಿಸಿ ೧೯೪೩ರ ಏಪ್ರಿಲ್‌ನಲ್ಲಿ ಸೆರೆಯಾದನು. ಬರ್ಲಿನ್ನಿನ ಟೇಗೆಲ್ ಸೆರೆಮನೆಯಿಂದ ಆ ವರ್ಷದ ನವೆಂಬರಿನಲ್ಲಿ ಸ್ನೇಹಿತನಿಗೆ ಬರೆದ ಕಾಗದದಲ್ಲಿ ಅವನು, ಸೆರೆಕೋಣೆಯ ಬಾಳನ್ನು ಆಗಮನಕಾಲಕ್ಕೆ ಹೋಲಿಸಿದನು: ಒಳಗಿರುವವನು ಕಾಯುತ್ತಾನೆ, ಅದನ್ನೂ ಇದನ್ನೂ ಮಾಡುತ್ತಾನೆ, ಬಾಗಿಲು ಮಾತ್ರ ಹೊರಗಿನಿಂದಲೇ ತೆರೆಯಬೇಕು. ಮರುತಿಂಗಳ ಕಾಗದದಲ್ಲಿ ಗೆರ್ಹಾರ್ಟನ ಗೋದಲಿಯ ಹಾಡಿನ ಮಾತು ಬರುತ್ತದೆ. ಅದುವರೆಗೆ ಆ ಹಾಡನ್ನು ತಾನು ಅಷ್ಟಾಗಿ ಲೆಕ್ಕಿಸಿರಲಿಲ್ಲವೆಂದೂ, ಬಹುಕಾಲ ಒಂಟಿಯಾಗಿದ್ದು ಮನನಮಾಡಿದವನಿಗೆ ಮಾತ್ರ ಅದು ಒಳಗಿಳಿಯುವುದೆಂದು ತೋರುವುದೆಂದೂ ಅವನು ಬರೆದನು. ಆ ಕ್ರಿಸ್ಮಸ್ಸಿಗೆ ಅವನು ಜೊತೆಯ ಕೈದಿಗಳಿಗಾಗಿ ಪ್ರಾರ್ಥನೆಗಳನ್ನೂ ರಚಿಸಿಕೊಟ್ಟನು. ಮರುವರ್ಷ ಇನ್ನೂ ಕಠಿಣವಾದ ಸೆರೆಗೆ ಬಿದ್ದು, ೧೯೪೪ರ ಡಿಸೆಂಬರಿನಲ್ಲಿ, ಮದುವೆಗೆ ಗೊತ್ತಾಗಿದ್ದ ಹುಡುಗಿಗೆ ಬರೆದ ಕಾಗದದೊಡನೆ ತನ್ನದೇ ಒಂದು ಕವಿತೆಯನ್ನು ಹಬ್ಬದ ಕಾಣಿಕೆಯಾಗಿ ಕಳುಹಿಸಿದನು. ೧೯೪೫ರ ಏಪ್ರಿಲ್ ೯ರಂದು ಅವನನ್ನು ಗಲ್ಲಿಗೇರಿಸಿದರು. ಆ ಕವಿತೆಯು ಇಂದು ಜರ್ಮನಿಯ ದೇವಾಲಯಗಳಲ್ಲಿ ಕೀರ್ತನೆಯಾಗಿದೆ.

ಇಲ್ಲಿ ನಾವು ಒಂದು ಕ್ಷಣ ನಿಲ್ಲಬೇಕು. ೧೬೫೩ರ ಹಾಡು ೧೯೪೩ರಲ್ಲಿ, ೨೯೦ ವರ್ಷಗಳ ಮೇಲೆ, ಅದನ್ನು ಬಾಲ್ಯದಿಂದ ಕೇಳಿಬಲ್ಲ ಪಂಡಿತನೊಬ್ಬನಿಗೆ ಮೊದಲ ಸಲ ಅರ್ಥವಾಯಿತು. ಸುಖದ ದಿನಗಳಲ್ಲಿ ಕಂಠಪಾಠವಾಗಿದ್ದ ಮಾತು ಕಷ್ಟದ ದಿನದಲ್ಲಿ ಅನ್ನವಾಯಿತು. ಪ್ರಯಾಣಕ್ಕೆ ಹೊರಡುವವನಿಗೆ ತಾಯಿಯು ಬುತ್ತಿಯನ್ನು ಕಟ್ಟಿಕೊಡುವಾಗ ಅವನಿಗೆ ಹಸಿವಿಲ್ಲ. 'ಏತಕ್ಕೆ ಈ ಹೊರೆ' ಎಂದುಕೊಳ್ಳುವನು. ದಾರಿಯ ನಡುವೆ, ಅಂಗಡಿಯೂ ಛತ್ರವೂ ಇಲ್ಲದ ಎಡೆಯಲ್ಲಿ, ಗಂಟನ್ನು ಬಿಚ್ಚಿದಾಗ ಅವಳ ಕೈಯ ಬೆಲೆಯು ತಿಳಿಯುತ್ತದೆ. ಕವಿತೆಯು ನಂಬಿಕೆಗೆ ಸಂಗಾತಿಯೆಂದು ನಾವು ಹೇಳುವುದು ಈ ಅರ್ಥದಲ್ಲಿ. ಅದು ನಂಬಿಕೆಯ ಒಡವೆಯಲ್ಲ, ಬುತ್ತಿ.

ಶೋಕದ ಮನೆಗೂ ಹಬ್ಬವು ಬರುತ್ತದೆ. ಅದು ಹೊರಗೇ ನಿಲ್ಲುವುದಿಲ್ಲ. ಅಮೆರಿಕದ ಕವಿ ಲಾಂಗ್‌ಫೆಲೋವಿನ ಹೆಂಡತಿಯು ೧೮೬೧ರ ಜುಲೈ ತಿಂಗಳಲ್ಲಿ ಬಟ್ಟೆಗೆ ಬೆಂಕಿ ಹತ್ತಿಕೊಂಡು ತೀರಿಹೋದಳು. ಆಕೆಯನ್ನು ಉಳಿಸಹೋಗಿ ಕವಿಯೂ ಸುಟ್ಟುಕೊಂಡನು. ಆ ದೇಶದಲ್ಲಿ ಆಗ ಅಂತರ್ಯುದ್ಧವು ನಡೆಯುತ್ತಿದ್ದಿತು. ೧೮೬೩ರಲ್ಲಿ ಅವನ ಹಿರಿಯ ಮಗನು ದಂಡಿಗೆ ಸೇರಿ, ನವೆಂಬರಿನಲ್ಲಿ ವರ್ಜೀನಿಯದ ಕದನದಲ್ಲಿ ಗುಂಡೇಟಿನಿಂದ ಗಾಯಗೊಂಡನು. ಆ ಡಿಸೆಂಬರ್ ೨೫ರಂದು ದೇವಾಲಯದ ಗಂಟೆಗಳನ್ನು ಕೇಳಿ ಲಾಂಗ್‌ಫೆಲೋ ಒಂದು ಕವಿತೆಯನ್ನು ಬರೆದನು. ಮೊದಲು ಗಂಟೆಗಳ ನಾದ, ಅನಂತರ ಅದನ್ನು ಮುಳುಗಿಸುವ ಫಿರಂಗಿಗಳ ಗರ್ಜನೆ, ಅದರಿಂದ ಕವಿಗಾದ ನಿರಾಶೆ, ಕಡೆಗೆ ಮತ್ತೆ ಇನ್ನೂ ಗಟ್ಟಿಯಾಗಿ ಕೇಳಿಬಂದ ಗಂಟೆಗಳು, ಇದೇ ಅದರ ನಡೆ. ಫಿರಂಗಿಯನ್ನು ಬಿಟ್ಟು ಗಂಟೆಯನ್ನು ಮಾತ್ರ ಹಾಡಿದ್ದರೆ ಆ ಕವಿತೆಯು ಇಷ್ಟು ಕಾಲ ಬಾಳುತ್ತಿರಲಿಲ್ಲವೆಂದು ನಮ್ಮ ಎಣಿಕೆ.

ಕ್ರಿಸ್ಟಿನಾ ರೊಸೆಟ್ಟಿ ಎಂಬ ಆಂಗ್ಲ ಕವಯಿತ್ರಿಯ ಕ್ರಿಸ್ಮಸ್ ಹಾಡು ೧೮೭೨ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಪ್ರಕಟವಾಯಿತು. ಆ ದಿನಗಳಲ್ಲಿಯೇ ಆಕೆಯು ಕುತ್ತಿಗೆಯ ಗ್ರಂಥಿಗೆ ಸಂಬಂಧಿಸಿದ ರೋಗದಿಂದ ಬಹಳವಾಗಿ ನರಳುತ್ತಿದ್ದಳು. ೧೯೦೬ರಲ್ಲಿ ಗುಸ್ಟಾವ್ ಹೋಲ್ಸ್ಟ್ ಎಂಬಾತನು ಮಟ್ಟು ಕಟ್ಟಿದ ಮೇಲೆ ಆ ಹಾಡು ಇಂಗ್ಲಿಷ್ ತಿಳಿದ ಸಭೆಗಳಲ್ಲೆಲ್ಲ ಹರಡಿತು. ಅದರಲ್ಲಿ ಬೇತ್ಲೆಹೇಮಿನ ರಾತ್ರಿಯು ಇಂಗ್ಲೆಂಡಿನ ಹಿಮಗಾಲವಾಗಿದೆ. ನೆಲವು ಗಟ್ಟಿಯಾಗಿದೆ, ನೀರು ಕಲ್ಲಾಗಿದೆ. ಕಡೆಯಲ್ಲಿ ಆಕೆಯು, ಕುರುಬರಿಗೆ ಕುರಿಮರಿಯುಂಟು, ಜೋಯಿಸರಿಗೆ ನಿಧಿಯುಂಟು, ಬಡವಳಾದ ತಾನು ಏನನ್ನು ಒಪ್ಪಿಸಲೆಂದು ಯೋಚಿಸಿ, ತನ್ನ ಹೃದಯವನ್ನೇ ಕೊಡಲು ನಿಶ್ಚಯಿಸುವಳು. ಯೂದಾಯದಲ್ಲಿ ಹಾಗೆ ಹಿಮವು ಗಡ್ಡೆಕಟ್ಟುವುದೆ ಎಂದು ಕೇಳುವವರು ಕೇಳಲಿ. ತನ್ನ ನಾಡಿನ ಚಳಿಯಲ್ಲಿ ಹುಟ್ಟದ ಶಿಶುವು ತನ್ನ ಚಳಿಯನ್ನು ಹೇಗೆ ನೀಗೀತು ಎಂಬುದೇ ಆಕೆಯ ಭಾವವಾಗಿರಬೇಕು.

ನಂಬಿಕೆಯು ಸಡಿಲವಾದವರಿಗೂ ಈ ಸಂಗಾತಿಯು ದೂರವಲ್ಲ. ಥಾಮಸ್ ಹಾರ್ಡಿಯು ಯೌವನದ ತರುವಾಯ ದೇವರ ವಿಷಯದಲ್ಲಿ ನಂಬಿಕೆಯನ್ನು ಕಳೆದುಕೊಂಡವನು. ಕ್ರಿಸ್ಮಸ್ಸಿನ ಹಿಂದಿನ ನಡುರಾತ್ರಿಯಲ್ಲಿ ದನಗಳು ಕೊಟ್ಟಿಗೆಯಲ್ಲಿ ಮೊಣಕಾಲೂರುವುವೆಂಬ ಹಳ್ಳಿಯ ನಂಬಿಕೆಯನ್ನು ಕುರಿತು ಅವನು ಬರೆದ ಕವಿತೆಯು ೧೯೧೫ರ ಡಿಸೆಂಬರ್ ೨೪ರಂದು ಲಂಡನ್ನಿನ ದಿನಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಆಗ ಮಹಾಯುದ್ಧದ ಎರಡನೆಯ ಚಳಿಗಾಲ. ಬಾಲ್ಯದಲ್ಲಿ ಒಲೆಯ ಬಳಿ ಕುಳಿತು ಕೇಳಿದ ಆ ಮಾತನ್ನು ಈಗ ನಂಬುವವರು ಯಾರೆಂದು ಅವನು ಕೇಳುತ್ತಾನೆ. ಆದರೂ ಯಾರಾದರೂ 'ನೋಡೋಣ ಬಾ' ಎಂದು ಕರೆದರೆ, ಅದು ಹಾಗೆಯೇ ಇರಲೆಂಬ ಆಸೆಯಿಂದ ಕತ್ತಲಲ್ಲಿ ಅವರ ಜೊತೆಗೆ ಹೋದೇನೆನ್ನುತ್ತಾನೆ. ಈತನು ನಂಬಿದವನಲ್ಲ, ನಿಜ. ಆದರೆ ಕಾಯುವುದನ್ನು ಬಿಟ್ಟವನೂ ಅಲ್ಲ. ಒಂದೇ ಮನೆಯಲ್ಲಿ ನಂಬುವ ತಾಯಿಯೂ ನಂಬದ ಮಗನೂ ಇರುವುದು ಈಗ ಸಾಮಾನ್ಯವಾಗಿದೆ. ಚರ್ಚೆಯಲ್ಲಿ ಒಂದಾಗಲಾರದ ಇಬ್ಬರೂ ಇಂತಹ ಕವಿತೆಯೊಂದನ್ನು ಒಟ್ಟಿಗೆ ಕುಳಿತು ಓದಬಲ್ಲರು.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಣೆಗೆ ಸಮಾಧಾನವನ್ನು ಹೇಳಬೇಕು. ಕವಿತೆಯು ಧರ್ಮವನ್ನು ಸಕ್ಕರೆಯಲ್ಲಿ ಅದ್ದಿ, ಅದರ ಖಾರವನ್ನು ಮರೆಸುವುದಿಲ್ಲವೆ? ಮರೆಸುವ ಕವಿತೆಗಳುಂಟು, ಹಬ್ಬದ ಶುಭಾಶಯಪತ್ರಗಳಲ್ಲಿ ಅಂತಹವು ಸಾಲುಸಾಲಾಗಿ ಬರುತ್ತವೆ. ಆದರೆ ಸುವಾರ್ತೆಯ ಕಥೆಯಲ್ಲಿಯೇ ಖಾರವುಂಟು. ಮತ್ತಾಯನು ಬರೆದಿರುವಂತೆ ಹೆರೋದ ಅರಸನು ಬೇತ್ಲೆಹೇಮಿನ ಎರಡು ವರ್ಷದೊಳಗಿನ ಗಂಡುಮಕ್ಕಳನ್ನು ಕೊಲ್ಲಿಸಿದನು. ಪಾಶ್ಚಾತ್ಯ ಸಭೆಯು ಹಬ್ಬದ ನಾಲ್ಕನೆಯ ದಿನವೇ, ಡಿಸೆಂಬರ್ ೨೮ರಂದು, ಆ ಕೂಸುಗಳನ್ನು ಸ್ಮರಿಸುತ್ತದೆ. ಇಂಗ್ಲೆಂಡಿನ ಕಾವೆಂಟ್ರಿ ಪಟ್ಟಣದಲ್ಲಿ ದರ್ಜಿಗಳೂ ಉಣ್ಣೆ ಕತ್ತರಿಸುವವರೂ ಆಡುತ್ತಿದ್ದ ಹಳೆಯ ನಾಟಕವೊಂದರಲ್ಲಿ, ಆ ತಾಯಂದಿರು ಸಾಯಲಿರುವ ಮಕ್ಕಳಿಗೆ ಹಾಡುವ ಜೋಗುಳವಿದೆ. ಹದಿನಾರನೆಯ ಶತಮಾನದಿಂದ ಉಳಿದುಬಂದ ಆ ಜೋಗುಳವನ್ನು ಇಂದಿಗೂ ಕ್ರಿಸ್ಮಸ್ಸಿನಲ್ಲಿ ಹಾಡುತ್ತಾರೆ. ೧೯೪೦ರ ನವೆಂಬರ್ ೧೪ರ ರಾತ್ರಿ ಬಾಂಬುಗಳಿಂದ ಅದೇ ಕಾವೆಂಟ್ರಿಯ ಪ್ರಧಾನ ದೇವಾಲಯವು ಉರಿದುಹೋದ ಮೇಲೆ, ಆ ಜೋಗುಳದ ಅರ್ಥವನ್ನು ಅಲ್ಲಿಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆದುದರಿಂದ ಹಬ್ಬದ ಕವಿತೆಗೆ ನಾವು ಒಂದು ಒರೆಗಲ್ಲನ್ನು ಸೂಚಿಸುತ್ತೇವೆ: ಈ ವರ್ಷ ಮಗುವನ್ನು ಕಳೆದುಕೊಂಡ ತಾಯಿಯ ಎದುರಿಗೆ ಇದನ್ನು ಓದಬಹುದೆ? ಓದಬಹುದಾದರೆ ಅದು ಒಳ್ಳೆಯ ಕವಿತೆ. ಓದಲು ಬಾಯಿ ಬಾರದಿದ್ದರೆ, ಅದರ ಪ್ರಾಸವು ಎಷ್ಟೇ ಸೊಗಸಾಗಿರಲಿ, ಅದನ್ನು ಬದಿಗಿಡುವುದು ಲೇಸು.

ರೊಸೆಟ್ಟಿಯು ಬೇತ್ಲೆಹೇಮನ್ನು ತನ್ನ ನಾಡಿಗೆ ತಂದುಕೊಂಡಂತೆ ಕನ್ನಡನಾಡಿನವರೂ ತಂದುಕೊಂಡಿದ್ದಾರೆ. ೧೮೩೪ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರ ಮೂಲಕ ಜರ್ಮನ್ ಕೀರ್ತನೆಗಳು ಕನ್ನಡದ ಮಾತುಗಳನ್ನು ಉಟ್ಟುಕೊಂಡು ಕರಾವಳಿಯ ದೇವಾಲಯಗಳಲ್ಲಿ ನೆಲೆಸಿದುವು. ಅದೇ ಮಿಶನ್ನಿನ ಕಿಟ್ಟೆಲ್ ಪಂಡಿತರು, ೧೮೯೪ರಲ್ಲಿ ಪ್ರಕಟವಾದ ನಿಘಂಟಿನಿಂದ ಎಲ್ಲರಿಗೂ ಪರಿಚಿತರಾದವರು, ಪರದೇಶದ ಮಟ್ಟುಗಳಿಂದ ತೃಪ್ತರಾಗದೆ, ಯೇಸುವಿನ ಚರಿತ್ರೆಯನ್ನು ನಮ್ಮ ದೇಶದ ಪದ್ಯಪದ್ಧತಿಯಲ್ಲಿಯೇ 'ಕಥಾಮಾಲೆ'ಯೆಂಬ ಹೆಸರಿನಿಂದ ರಚಿಸಿದರು. ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಲ್ಲದಿದ್ದರೂ ಕ್ರಿಸ್ತನ ಕಡೆಯ ದಿನವನ್ನು 'ಗೊಲ್ಗೊಥಾ'ದಲ್ಲಿ ಹಾಡಿ ಕನ್ನಡಕ್ಕೆ ಕೊಟ್ಟರು. ಇನ್ನು 'ಗೋದಲಿ' ಎಂಬ ಮಾತನ್ನೇ ನೋಡಿರಿ. ಸತ್ಯವೇದವನ್ನು ಕನ್ನಡಿಸಿದವರು ಶಿಶುವನ್ನು ಮಲಗಿಸಿದ ಎಡೆಗೆ ಈ ಹೆಸರನ್ನು ಬಳಸಿದರು. ದನಗಳಿಗೆ ಹುಲ್ಲು ಹಾಕುವ ಗೋದಲಿಯು ಒಕ್ಕಲುಮನೆಯಲ್ಲಿ ಹುಟ್ಟಿದವರಿಗೆ ಹೊಸತಲ್ಲ. ಅದರ ವಾಸನೆ, ಅದರ ಬೆಚ್ಚಗೆ, ನಡುರಾತ್ರಿಯಲ್ಲಿ ಅಲ್ಲಿ ಕೇಳುವ ಮೆಲುಕಿನ ಶಬ್ದ, ಎಲ್ಲವೂ ಆ ಒಂದು ಮಾತಿನೊಡನೆ ಬರುತ್ತವೆ. ಒಂದು ಮಾತು ತನ್ನ ಎಡೆಯಲ್ಲಿ ಕುಳಿತಾಗ ಅದೂ ಕವಿತೆಯೇ.

ಇದನ್ನು ಮನೆಯಲ್ಲಿ ನಡೆಯಿಸುವ ಬಗೆ ಹೇಗೆ? ೧೮೩೯ರಲ್ಲಿ ಹ್ಯಾಂಬರ್ಗಿನ ಬಳಿ ಬಡಮಕ್ಕಳ ಆಶ್ರಮವನ್ನು ನಡೆಸುತ್ತಿದ್ದ ಯೋಹಾನ್ ವಿಶರ್ನ್ ಎಂಬ ಪಾದ್ರಿಯು, ಹಬ್ಬ ಯಾವಾಗ, ಹಬ್ಬ ಯಾವಾಗ ಎಂದು ಮಕ್ಕಳು ದಿನವೂ ಕೇಳುತ್ತಿದ್ದುದರಿಂದ, ಒಂದು ಬಂಡಿಯ ಚಕ್ರದ ಮೇಲೆ ಭಾನುವಾರಗಳಿಗೆ ನಾಲ್ಕು ದೊಡ್ಡ ಮೇಣದಬತ್ತಿಗಳನ್ನೂ ಉಳಿದ ದಿನಗಳಿಗೆ ಸಣ್ಣವನ್ನೂ ನಿಲ್ಲಿಸಿ, ದಿನಕ್ಕೊಂದನ್ನು ಹೊತ್ತಿಸುತ್ತ ಬಂದನು. ಇಂದು ದೇಶದೇಶಗಳಲ್ಲಿ ಕಾಣುವ ಆಗಮನಕಾಲದ ದೀಪಮಾಲೆಗೆ ಅದೇ ಮೂಲ. ಕವಿತೆಯನ್ನೂ ಹಾಗೆಯೇ ಹೊತ್ತಿಸಬಹುದು. ರಾಶಿಯಾಗಿ ಓದುವುದು ಬೇಡ. ವಾರಕ್ಕೆ ಒಂದು ಸಾಕು. ದೀಪ ಹಚ್ಚಿದ ಮೇಲೆ, ಊಟಕ್ಕೆ ಮುಂಚೆ, ಮನೆಯವರಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಮರುದಿನ ಅದನ್ನೇ ಇನ್ನೊಬ್ಬರು ಓದಲಿ. ಏಳನೆಯ ದಿನದ ಹೊತ್ತಿಗೆ ಚಿಕ್ಕಮಕ್ಕಳಿಗೆ ಅದು ಬಾಯಿಗೆ ಬಂದಿರುತ್ತದೆ. ಅರ್ಥವನ್ನು ಅವರಿಗೆ ಒತ್ತಾಯದಿಂದ ತುಂಬುವುದು ಬೇಕಿಲ್ಲ. ಅರ್ಥವು ತನ್ನ ಕಾಲಕ್ಕೆ ತಾನೇ ಬರುವುದು. ಕಳೆದ ವರ್ಷ ಹಬ್ಬದೂಟಕ್ಕೆ ಕುಳಿತಿದ್ದವರಲ್ಲಿ ಒಬ್ಬರು ಈ ವರ್ಷ ಇಲ್ಲದಿದ್ದರೆ, ಅವರಿಗೆ ಪ್ರಿಯವಾಗಿದ್ದ ಹಾಡೊಂದನ್ನು ಆ ಸಂಜೆಗಳಲ್ಲಿ ಓದುವುದು ಒಳ್ಳೆಯದು. ಅವರ ಹೆಸರನ್ನು ಎತ್ತುವುದಕ್ಕೆ ಯಾರಿಗೂ ಧೈರ್ಯವಿಲ್ಲದ ಮನೆಯಲ್ಲಿಯೂ ಹಾಡನ್ನು ಎತ್ತಬಹುದು.

ನಾಲ್ಕು ವಾರಗಳಿಗೆ ನಾಲ್ಕು ಕವಿತೆಗಳಾದರೆ, ಹತ್ತು ವರ್ಷಗಳಲ್ಲಿ ಒಂದು ಮನೆಗೆ ನಲವತ್ತು ಕವಿತೆಗಳ ಬುತ್ತಿಯಾಗುತ್ತದೆ. ಅದಕ್ಕೆ ಹಣದ ವೆಚ್ಚವಿಲ್ಲ, ಕಳ್ಳರ ಭಯವಿಲ್ಲ. ಆ ಮಕ್ಕಳಲ್ಲಿ ಯಾರಿಗೆ ಅದರ ಯಾವ ತುತ್ತು ಯಾವ ಊರಿನಲ್ಲಿ, ಯಾವ ರಾತ್ರಿಯಲ್ಲಿ ಬೇಕಾಗುವುದೋ ಇಂದು ಹೇಳಬಲ್ಲವರಿಲ್ಲ. ಕಟ್ಟಿಕೊಡುವುದು ಮಾತ್ರ ಹಿರಿಯರ ಕೆಲಸ. ಈ ಆಗಮನಕಾಲದಲ್ಲಿ ನಮ್ಮ ವಾಚಕರು ಆ ಕೆಲಸವನ್ನು ಆರಂಭಿಸುವರೆಂದು ನಂಬಿ, ಎಲ್ಲ ಮನೆಗಳಿಗೂ, ಅದರಲ್ಲಿಯೂ ಇನ್ನೂ ಕಾಯುತ್ತಲೇ ಇರುವ ಮನೆಗಳಿಗೆ, ಹಬ್ಬದ ಶುಭವನ್ನು ಕೋರುತ್ತೇವೆ.